ಹನ್ನೊಂದನೇ ನಿಮಿಷ ಮಂಜೂರು ಮಾಡುವ ಬಗ್ಗೆ

ದಿನಾಂಕ: ಆಗಸ್ಟ್ 21, ಗುರುವಾರ

ಇಂದ:
ಗ್ಲೆನ್ ಹ್ರೂಸ್ಕಾ, ವಯಸ್ಸು ಅರವತ್ತಮೂರು,
ಕಟ್ಟಡದ ಮೇಲ್ವಿಚಾರಕ (ಬೀಗದ ಕೈ, ಬಲ್ಬು, ಸೋರುವ ನಲ್ಲಿ),
ನೆಲಮಾಳಿಗೆ, ಭೂವಿಜ್ಞಾನ ಕಟ್ಟಡ,
ಕಾಟನ್‌ವುಡ್ ವಿಶ್ವವಿದ್ಯಾಲಯ, ನೆಬ್ರಾಸ್ಕಾ.

ಗೆ:
ಡಾ. ಮಾರ್ಗೋ ಲಿಂಡ್‌ಕ್ವಿಸ್ಟ್,
ಸಂಚಾಲಕರು, ಹೊಸ ಬೋಧನಾ ಸಹಾಯಕರ ತರಬೇತಿ ಶಿಬಿರ,
ಮೂರನೇ ಮಹಡಿ, ಸದರಿ ಕಟ್ಟಡ.

ವಿಷಯ: ಮೂರನೇ ನಿಮಿಷಕ್ಕೆ ನಿದ್ದೆ ಹೋಗಬೇಕಾದವನು ಹೋಗದೆ ಇದ್ದ ಕಾರಣ ಕುಮಾರಿ ಸಾರಂಗೂ ಅವರನ್ನು ಅನುತ್ತೀರ್ಣಗೊಳಿಸಿರುವುದನ್ನು ರದ್ದುಪಡಿಸಿ, ಹನ್ನೊಂದನೇ ನಿಮಿಷ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: 1. ಪಾತ್ರದ ಚೀಟಿ ಸಂಖ್ಯೆ 4, "ನಿದ್ದೆ ಮಾಡುವ ವಿದ್ಯಾರ್ಥಿ".
2. ಆಗಸ್ಟ್ 19ರ ತಮ್ಮ ಮೌಲ್ಯಮಾಪನ ಪತ್ರ.
3. ಅದೇ ದಿನ ತಾವು ಅರ್ಜಿದಾರನನ್ನು ದುರುಗುಟ್ಟಿ ನೋಡಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಪ್ಪೊಪ್ಪಿಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲ ಬಾರಿಗೆ ತರಗತಿಗೆ ಕಾಲಿಡುವ ಮುನ್ನ, ಪ್ರತಿ ಆಗಸ್ಟಿನಲ್ಲಿ, ತಮ್ಮ ಶಿಬಿರದಲ್ಲಿ ಹತ್ತು ನಿಮಿಷ ಪಾಠ ಮಾಡಿ ತೋರಿಸತಕ್ಕದ್ದು. ಎದುರಿಗೆ ಕೂರುವವರು ನಿಜವಾದ ವಿದ್ಯಾರ್ಥಿಗಳಲ್ಲ. ಒಬ್ಬನ ಚೀಟಿಯಲ್ಲಿ "ಫೋನ್ ನೋಡುವವನು" ಎಂದಿರುತ್ತದೆ, ಇನ್ನೊಬ್ಬಳದರಲ್ಲಿ "ಅಂಕಕ್ಕಾಗಿ ಜಗಳ ತೆಗೆಯುವವಳು". ಹದಿನಾಲ್ಕು ವರ್ಷಗಳ ಹಿಂದೆ ಒಂದು ತಲೆ ಕಡಿಮೆ ಬಿದ್ದಾಗ, ಬಲ್ಬು ಬದಲಿಸಲು ಏಣಿ ಹತ್ತಿದ್ದ ಅರ್ಜಿದಾರನನ್ನು ತಾವೇ ಕೆಳಗಿಳಿಸಿ, "ನೀವೇನೂ ಮಾಡೋದು ಬೇಡ ಗ್ಲೆನ್, ಸುಮ್ನೆ ಮೂರನೇ ನಿಮಿಷಕ್ಕೆ ನಿದ್ದೆ ಹೋಗಿ, ಸಾಕು" ಎಂದು ಕೂರಿಸಿದಿರಿ. ಅಂದಿನಿಂದ ಅರ್ಜಿದಾರನು ಒಂದು ದಿನವೂ ರಜೆ ಹಾಕದೆ ನಿದ್ರಿಸುತ್ತ ಬಂದಿದ್ದಾನೆ. ಗೊರಕೆಯನ್ನು ಸ್ವಂತ ಉತ್ಸಾಹದಿಂದ ಸೇರಿಸಿದ್ದು.

2. ಆದರೆ ಕಣ್ಣು ಮುಚ್ಚಿದ ಮಾತ್ರಕ್ಕೆ ಕಿವಿ ಮುಚ್ಚುವುದಿಲ್ಲ. ಆದಕಾರಣ ಅರ್ಜಿದಾರನಿಗೆ ಸುಮಾರು ಇನ್ನೂರು ವಿಷಯಗಳ ಮೊದಲ ಹತ್ತು ನಿಮಿಷ ಗೊತ್ತಿದೆ. ಫ್ರೆಂಚ್ ಭಾಷೆಯಲ್ಲಿ ನಮಸ್ಕಾರ ಹೇಳಬಲ್ಲ, ಹೋಗಿಬರುತ್ತೇನೆ ಎನ್ನಲಾರ. ರೋಮ್ ಸಾಮ್ರಾಜ್ಯ ಕಟ್ಟಿದ್ದು ಗೊತ್ತು, ಆಮೇಲೆ ಬಿತ್ತೋ ಇನ್ನೂ ಇದೆಯೋ ಗೊತ್ತಿಲ್ಲ. ಈ ಬಗ್ಗೆ ಇಲ್ಲಿಯವರೆಗೆ ಯಾವುದೇ ದೂರು ಸಲ್ಲಿಸಿರುವುದಿಲ್ಲ.

3. ಆಗಸ್ಟ್ 19ರಂದು ಮಂಗೋಲಿಯಾದಿಂದ ಬಂದ ಭೂವಿಜ್ಞಾನದ ವಿದ್ಯಾರ್ಥಿನಿ ಕುಮಾರಿ ಸಾರಂಗೂ ಅವರ ಸರದಿ. ಬರೆಯುವಾಗ ಎರಡು ಸಲ ಸೀಮೆಸುಣ್ಣ ಮುರಿಯಿತು. ಪಾಠ: ಹೊಳೆ ಯಾಕೆ ಡೊಂಕಾಗಿ ಹರಿಯುತ್ತದೆ. ಅರ್ಜಿದಾರನು ಚೀಟಿಯ ಪ್ರಕಾರ ಗಲ್ಲಕ್ಕೆ ಕೈಕೊಟ್ಟು ಕಣ್ಣು ಮುಚ್ಚುವಷ್ಟರಲ್ಲಿ ಅವರು, "ತಿರುವಿನ ಹೊರಗಡೆ ನೀರು ಜೋರಾಗಿ ಓಡತ್ತೆ, ದಂಡೆ ತಿನ್ನತ್ತೆ. ಒಳಗಡೆ ನಿಧಾನ, ಅಲ್ಲಿ ಮರಳು ಬಿಟ್ಟು ಹೋಗತ್ತೆ" ಎಂದರು. ಅರ್ಜಿದಾರನ ನಿದ್ದೆ ಹಾರಿಹೋಯಿತು.

4. ಕಾರಣ ಹೀಗಿದೆ. ಅರ್ಜಿದಾರನ ತಂದೆಯ ಮೆಕ್ಕೆಜೋಳದ ಹೊಲದಲ್ಲಿ ಆರು ಎಕರೆಯನ್ನು ಹೊಳೆ ತಿಂದು ಹಾಕಿತು. ಎದುರು ದಂಡೆಯಲ್ಲಿದ್ದ ಎಮಿಲ್ ಕ್ರಾಟ್ಕಿ ಅವರ ಹೊಲ ಹೆಚ್ಚುಕಡಿಮೆ ಅಷ್ಟೇ ಬೆಳೆಯಿತು. ಎಮಿಲ್ ತನ್ನ ದಂಡೆಗೆ ಮೂರು ಹಳೇ ಕಾರು ಹೂತು ನೀರನ್ನು ನಮ್ಮ ಕಡೆ ತಳ್ಳಿದ ಎಂಬುದು ತಂದೆಯ ವಾದ. ಆದಕಾರಣ ಮೂವತ್ತು ವರ್ಷ ಮಾತಿಲ್ಲ. ಆದಕಾರಣ ಚರ್ಚಿನಲ್ಲಿ ಅವರು ಎಡಗಡೆ, ನಾವು ಬಲಗಡೆ. ಆದಕಾರಣ ತಂದೆಯನ್ನು ಮಣ್ಣು ಮಾಡಿದ ದಿನ ಎಮಿಲ್ ಟೋಪಿ ಕೈಯಲ್ಲಿ ಹಿಡಿದು ಸ್ಮಶಾನದ ಗೇಟಿನ ಹೊರಗೇ ನಿಂತಿದ್ದರು. ನಾನು ಒಳಗೆ ಕರೆಯಲಿಲ್ಲ. ಕ್ಷಮಿಸಿ, ಅರ್ಜಿದಾರನು ಕರೆಯಲಿಲ್ಲ.

5. ಆದ್ದರಿಂದ ಅರ್ಜಿದಾರನು ಒಂಬತ್ತನೇ ನಿಮಿಷದವರೆಗೆ ತಡೆದುಕೊಂಡು, ಆಮೇಲೆ ಕೈ ಎತ್ತಿದನು. ಮುಂದಿನ ಮಾತುಕತೆಯನ್ನು ದಾಖಲೆಗಾಗಿ ಇದ್ದದ್ದು ಇದ್ದ ಹಾಗೆ ಬರೆಯಲಾಗಿದೆ:

"ಏನಮ್ಮಾ, ಎದುರು ದಂಡೇಲಿ ಯಾರಾದ್ರೂ ಹಳೇ ಕಾರು ಹೂತ್ರೆ ನೀರು ಈ ಕಡೆ ನುಗ್ಗತ್ತಾ?"

ಹಿಂದಿನ ಸಾಲಿನಿಂದ ತಾವು: "ಗ್ಲೆನ್! ನೀವು ನಿದ್ದೇಲಿದ್ದೀರಿ!"

"ಎಚ್ಚರ ಆಗೋಯ್ತು ಡಾಕ್ಟ್ರೇ."

"ಚೀಟೀಲಿ ಹಾಗಿಲ್ಲ ಕಣ್ರೀ!"

ಅಷ್ಟರಲ್ಲಿ ಕುಮಾರಿ ಸಾರಂಗೂ ಸೀಮೆಸುಣ್ಣ ಕೆಳಗಿಟ್ಟು ಅರ್ಜಿದಾರನ ಬೆಂಚಿನ ಹತ್ತಿರವೇ ಬಂದರು.

"ಕಾರು ಹೂತಿದ್ದು ಯಾವಾಗ ಸರ್?"

"ನಾನು ಆಗ ಮೂರನೇ ಕ್ಲಾಸು."

"ನಿಮ್ಮ ಕಡೆ ದಂಡೆ ಮೊದಲ ಸಲ ಕುಸಿದಿದ್ದು?"

"ಅದು... ಬೇಲಿ ಸಮೇತ ಹೋಗಿದ್ದು ನಮ್ಮಕ್ಕ ಹುಟ್ಟಿದ ವರ್ಷ ಅಂತಿದ್ರು ಅಮ್ಮ."

"ಅಂದ್ರೆ ನೀವು ಹುಟ್ಟೋಕೂ ಮೊದಲೇ ಅಲ್ವಾ? ಹಾಗಾದ್ರೆ ಸರ್..."

ಇಷ್ಟರಲ್ಲಿ ತಾವು ಮೇಜಿನ ಮೇಲಿನ ಗಂಟೆಯನ್ನು ಟಿಣ್ ಎಂದು ಒತ್ತಿದಿರಿ. ಹತ್ತು ನಿಮಿಷ ಆಗಿತ್ತು.

6. ಉಲ್ಲೇಖ 2ರಲ್ಲಿ ತಾವು ಬರೆದಿರುವುದು: ನಿದ್ದೆ ಮಾಡುವ ವಿದ್ಯಾರ್ಥಿಯನ್ನು ಎಬ್ಬಿಸಲಿಲ್ಲ, ಉತ್ತರ ಕೊಡುವ ಬದಲು ವಿದ್ಯಾರ್ಥಿಗೇ ಪ್ರಶ್ನೆ ಕೇಳಿದರು, ಪಾಠದ ಯೋಜನೆ ಬಿಟ್ಟು ಬೇರೆ ಯಾರದೋ ಹೊಳೆಗೆ ಇಳಿದರು. ಮೊದಲನೆಯದಕ್ಕೆ ಅರ್ಜಿದಾರನ ಸಮಜಾಯಿಷಿ ಏನೆಂದರೆ, ಹದಿನಾಲ್ಕು ವರ್ಷದಲ್ಲಿ ಅವನನ್ನು ನಿಜವಾಗಿ ಎಬ್ಬಿಸಿದವರು ಅವರೊಬ್ಬರೇ. ಅದೇ ದಿನ ಪೂರ್ತಿ ಅಂಕ ಗಿಟ್ಟಿಸಿದ ರಸಾಯನಶಾಸ್ತ್ರದ ಯುವಕ ನಿಯಮದಂತೆ ಅರ್ಜಿದಾರನ ಭುಜ ತಟ್ಟಿ ಎಬ್ಬಿಸಿ, ಗೋಡೆ ಕಡೆ ತಿರುಗಿ ಪರದೆಯ ಮೇಲಿದ್ದದ್ದನ್ನು ಓದಿದನು. ಆಮೇಲೆ ಅರ್ಜಿದಾರನು ಚೀಟಿಯ ಹಂಗಿಲ್ಲದೆ ನಿಜವಾಗಿಯೇ ನಿದ್ದೆ ಹೋದನು.

7. ಮಾರನೇ ದಿನ ಕಾಫಿ ಯಂತ್ರದ ಹತ್ತಿರ ಅರ್ಜಿದಾರನು ಕುಮಾರಿ ಸಾರಂಗೂ ಅವರನ್ನು ಹಿಡಿದು ನಿಲ್ಲಿಸಿದನು.

"ಹಾಗಾದ್ರೆ ಸರ್ ಅಂದ್ಯಲ್ಲಮ್ಮಾ, ಹಾಗಾದ್ರೆ ಏನು?"

"ನಾನು ಪಾಠ ಮಾಡೋ ಹಾಗಿಲ್ಲ ಸರ್. ಯಾರಿಗೂ ಮಾಡಬಾರದು ಅಂತ ಕಾಗದದಲ್ಲಿ ಬರೆದಿದಾರೆ."

"ಇದು ಪಾಠ ಅಲ್ಲ ತಾಯಿ, ಕಾಫಿ."

"ನೀವು ಕೇಳ್ತಿರೋದು ಪಾಠಾನೇ ಸರ್. ಅವರಿಗೆ ಗೊತ್ತಾದ್ರೆ ನನಗೆ ಇನ್ನೂ ಕಷ್ಟ ಆಗತ್ತೆ." ಹೀಗೆಂದು ನಕ್ಕರು, ನಗುತ್ತಲೇ ಕಣ್ಣು ತುಂಬಿಕೊಂಡರು. ಬೋಧನೆಯ ಕೆಲಸ ಸಿಗದಿದ್ದರೆ ಶುಲ್ಕದ ವಿನಾಯಿತಿ ಇಲ್ಲ, ವಿನಾಯಿತಿ ಇಲ್ಲದಿದ್ದರೆ ಓದು ಇಲ್ಲ, ಓದು ಇಲ್ಲದಿದ್ದರೆ ಈ ದೇಶದಲ್ಲಿ ಇರುವಂತಿಲ್ಲ. ಸೋಮವಾರ ತರಗತಿ ಶುರು. ಅವರು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ. ಆ ಹುಡುಗಿಗೆ ಈ ಗತಿ ತಂದವನು ಅರ್ಜಿದಾರ. ಇದು ಅವನಿಗೆ ಸಹಿಸಲಾಗುತ್ತಿಲ್ಲ.

ಆದ್ದರಿಂದ, ಶುಕ್ರವಾರದೊಳಗೆ ಕುಮಾರಿ ಸಾರಂಗೂ ಅವರಿಗೆ ಮರುಪರೀಕ್ಷೆ ಏರ್ಪಡಿಸಿ, ಪಾಠವನ್ನು ನಿಂತಲ್ಲಿಂದ, ಅಂದರೆ "ಹಾಗಾದ್ರೆ ಸರ್" ಎಂಬಲ್ಲಿಂದ, ಮುಂದುವರಿಸಲು ಅವಕಾಶ ಮಾಡಿಕೊಡಬೇಕಾಗಿ ಪ್ರಾರ್ಥನೆ. ಗಂಟೆಯನ್ನು ಆ ಹೊತ್ತಿಗೆ ರಿಪೇರಿಗಾಗಿ ನೆಲಮಾಳಿಗೆಗೆ ತರಿಸಿಕೊಳ್ಳಲಾಗುವುದು. ಎಮಿಲ್ ಕ್ರಾಟ್ಕಿ ಅವರಿಗೆ ಈಗ ತೊಂಬತ್ತೊಂದು ವರ್ಷ, ವೃದ್ಧಾಶ್ರಮದಲ್ಲಿದ್ದಾರೆ. ಆದಕಾರಣ ಇದನ್ನು ಜರೂರು ಎಂದು ಭಾವಿಸತಕ್ಕದ್ದು.

ಈ ಕೋರಿಕೆ ಮನ್ನಿಸಿದಲ್ಲಿ, ಮುಂದೆ ಬರುವ ಎಲ್ಲ ಶಿಬಿರಗಳಲ್ಲಿ ಅರ್ಜಿದಾರನು ಮೂರನೇ ನಿಮಿಷಕ್ಕೆ ಸರಿಯಾಗಿ ನಿದ್ರಿಸುವುದಾಗಿ ಮುಚ್ಚಳಿಕೆ ಬರೆದುಕೊಡುತ್ತಾನೆ. ಮನ್ನಿಸದಿದ್ದಲ್ಲಿ, ಅರ್ಜಿದಾರನು ಎಲ್ಲರ ಪಾಠದಲ್ಲೂ ಎಚ್ಚರವಾಗಿದ್ದು ಕೈ ಎತ್ತಬೇಕಾದ ಅನಿವಾರ್ಯತೆ ಒದಗುತ್ತದೆ. ಅದರಿಂದಾಗುವ ಪರಿಣಾಮಗಳಿಗೆ ತಾವೇ ಹೊಣೆ.

ಸದ್ಯಕ್ಕೆ ಎಚ್ಚರವಾಗಿರುವ
ತಮ್ಮ ವಿಶ್ವಾಸಿ,
ಗ್ಲೆನ್ ಹ್ರೂಸ್ಕಾ

ಅಡಕಗಳು:

1. ಪಾತ್ರದ ಚೀಟಿ ಸಂಖ್ಯೆ 4 (ಹದಿನಾಲ್ಕು ವರ್ಷದ ಜೊಲ್ಲಿನ ಕಲೆ ಸಹಿತ).

2. ಕುಮಾರಿ ಸಾರಂಗೂ ಅವರು ಅರ್ಧಕ್ಕೆ ಬಿಟ್ಟ ಹೊಳೆಯ ಚಿತ್ರ, ಕಪ್ಪುಹಲಗೆ ಒರೆಸುವ ಮುನ್ನ ಅರ್ಜಿದಾರನು ಕಾಗದದ ಮೇಲೆ ನಕಲು ಮಾಡಿದ್ದು.

3. ಎಮಿಲ್ ಕ್ರಾಟ್ಕಿ ಅವರಿಗೆ ಬರೆದ ಪತ್ರಗಳು, ಎರಡು. ಒಂದರಲ್ಲಿ ಬೈಗುಳ ಇದೆ, ಇನ್ನೊಂದರಲ್ಲಿ ಕ್ಷಮೆ ಕೇಳಿದೆ. ಹನ್ನೊಂದನೇ ನಿಮಿಷ ಮುಗಿದ ಮೇಲೆ ಯಾವುದಾದರೂ ಒಂದನ್ನು ಅಂಚೆಗೆ ಹಾಕಬೇಕಾಗಿರುವುದರಿಂದ ಎರಡನ್ನೂ ಹಿಂತಿರುಗಿಸಲು ಕೋರಿಕೆ. ಮನೆಯಲ್ಲಿ ಅಂಚೆಚೀಟಿ ಒಂದೇ ಇತ್ತು. ಅದನ್ನು ಎರಡನೆಯದಕ್ಕೆ ಅಂಟಿಸಿಯಾಗಿದೆ.