ಒಂದೆಲಗದ ಗುಣ

ಬೆಳಿಗ್ಗೆ ಮಾತ್ರೆ ನುಂಗಿದ ತಾಯಿ ಅವನ ಗಲ್ಲ ಸವರಿ, "ದೊಡ್ಡವನೇ, ನೀನಿಲ್ದಿದ್ರೆ ನನ್ನ ಗತಿ ಏನಪ್ಪಾ?" ಎಂದದ್ದೇ ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ.

ಅವನು ದೊಡ್ಡವನಲ್ಲ, ಕಿರಿಯ ಮಗ. ಜ್ವರ ತಲೆಗೇರಿ ಮಿದುಳು ಊದಿಕೊಂಡ ತಾಯಿಯನ್ನು ಆಸ್ಪತ್ರೆಗೆ ಹೊತ್ತದ್ದು, ತನ್ನ ಕನ್ನಡಕದ ಅಂಗಡಿಗೆ ಬಾಗಿಲು ಹಾಕಿ ಪಕ್ಕದಲ್ಲಿ ಕೂತದ್ದು, ಮನೆಗೆ ತಂದ ಮೇಲೆ ಹೇಲು ಉಚ್ಚೆ ಬಳಿದದ್ದು ಎಲ್ಲ ಇವನೇ. ಆ ದೊಡ್ಡವನೋ, ಮಹಾನುಭಾವ, ಫೋನಿನಲ್ಲಿ "ಹುಷಾರಾಗಿ ನೋಡ್ಕೊಳೋ" ಎಂದು ಪುಣ್ಯ ಕಟ್ಟಿಕೊಂಡವನು. ಅಮ್ಮ ಒಂದೇ ಒಂದು ಸಲ ತನ್ನ ಗುರುತು ಹಿಡಿಯಲಿ, ಇವನಿಗೆ ಬೇಕಾದದ್ದು ಅಷ್ಟೇ.

ಈ ಗೋಳನ್ನು ಮೆಟ್ಟಿಲ ಮೇಲೆ ತೋಡಿಕೊಂಡದ್ದು ತಪ್ಪಾಯಿತು. ಕೆಳಮನೆಯ ಮೇಷ್ಟ್ರು ತಮ್ಮ ಕುಂಡದ ಒಂದೆಲಗವನ್ನು ಬೇರುಸಮೇತ ಕಿತ್ತು ತಂದರು. "ಮಿದುಳಿನ ಉರಿಯೂತಕ್ಕೆ ಇದೇ ಮದ್ದು ಕಣಯ್ಯ!"

"ಅಯ್ಯೋ, ಅದು ಹಸು ತಿನ್ನೋ ಸೊಪ್ಪು," ಎನ್ನುತ್ತ ಎದುರುಮನೆಯ ದರ್ಜಿ ಅಕ್ಕ ಹಸಿ ಅರಿಶಿನ ಹಿಡಿದು ಬಂದಳು. "ಉರಿಯೂತಕ್ಕೆ ಅರಿಶಿನ, ತಮ್ಮಾ. ಮೊಬೈಲಲ್ಲೇ ಬಂದಿದೆ."

ಡಾಕ್ಟರಿಗೆ ಫೋನ್ ಮಾಡಿದ. "ಅದರ ಮೇಲೆಲ್ಲ ಇನ್ನೂ ಪರೀಕ್ಷೆ ನಡೀತಿದೆ ಕಣ್ರೀ. ಒಂದು ಚಮಚ ಕೊಟ್ರೆ ಕೊಡಿ, ಮಾತ್ರೆ ಮಾತ್ರ ನಿಲ್ಲಿಸ್ಬೇಡಿ," ಎಂದರು ಅವರು.

ಇಬ್ಬರ ಮನಸ್ಸೂ ನೋಯಬಾರದೆಂದು ಎರಡನ್ನೂ ಮಿಕ್ಸಿಗೆ ಹಾಕಿದ. ಮುಚ್ಚಳ ಒತ್ತಿ ಹಿಡಿದಿದ್ದ ಮೇಷ್ಟ್ರು ಅಕ್ಕನ ಜೊತೆ ವಾದಿಸುವ ಭರದಲ್ಲಿ ಕೈ ಎತ್ತಿಬಿಟ್ಟರು. ರಸವೆಲ್ಲ ಚಾವಣಿಗೆ ಚಿಮ್ಮಿ, ಅಲ್ಲಿಂದ ಅಕ್ಕನ ಹೆಗಲ ಮೇಲಿದ್ದ ಗಿರಾಕಿಯ ಬಿಳಿ ಅಂಗಿಗೆ ತೊಟ್ಟಿಕ್ಕಿತು. "ಇದನ್ನ ನಿಮ್ಮಪ್ಪ ಒಗೀತಾನಾ?" ಎಂದು ಅವಳು ಮೇಷ್ಟ್ರ ಮೇಲೆ ಕಿರುಚಿದಳು. ಮಧ್ಯಾಹ್ನವೆಲ್ಲ ಒಗೆದವನು ಇವನೇ. ಕಲೆ ಹೋಗಲಿಲ್ಲ.

ಜಾರಿನ ತಳದಲ್ಲಿ ಉಳಿದ ಒಂದು ಚಮಚ ರಸವನ್ನು ಅಮ್ಮನ ಬಾಯಿಗೆ ಬಿಟ್ಟ. ಅವಳು ಅರ್ಧ ನುಂಗಿ, ಅರ್ಧ ಅವನ ಮುಖಕ್ಕೇ ಉಗಿದು ಮಲಗಿದಳು.

ಸಂಜೆ ಎದ್ದವಳು ಅವನನ್ನೇ ದಿಟ್ಟಿಸಿದಳು. "ಚಿಕ್ಕವನೇ! ನೀನ್ಯಾವಾಗ ಬಂದ್ಯೋ?"

ಅವನಿಗೆ ಅಳುವೇ ಬಂತು. ಬಾಗಿಲಲ್ಲಿ ನಿಂತಿದ್ದ ನೆರೆಯವರಿಬ್ಬರೂ "ನನ್ನ ಒಂದೆಲಗ!" "ನನ್ನ ಅರಿಶಿನ!" ಎಂದು ಕಿತ್ತಾಡತೊಡಗಿದರು.

"ನಾನು ಇಲ್ಲೇ ಇದ್ದೆನಲ್ಲಮ್ಮಾ."

"ಬಾಯ್ಮುಚ್ಚು. ನಂಗೀಗ ಎಲ್ಲಾ ನೆನಪಿದೆ. ಆಸ್ಪತ್ರೇಲಿ ಕೂತಿದ್ದೋನು ದೊಡ್ಡವನು. ನನ್ನ ಮೈ ತೊಳೆದೋನು ದೊಡ್ಡವನು. ಬೆಳಿಗ್ಗೆ ಮಾತ್ರೆ ಕೊಟ್ಟೋನೂ ಅವನೇ. ನೀನು ಒಂದು ದಿನ ಇಣುಕಿ ನೋಡಿದ್ಯಾ?"

"ಮೇಷ್ಟ್ರೇ, ನೀವಾದ್ರೂ ಹೇಳಿ!"

"ಹೇಳೋದೇನಯ್ಯಾ? ಒಂದೆಲಗವೇ!" ಎಂದರು ಮೇಷ್ಟ್ರು, ಅಕ್ಕನ ಕಡೆಯಿಂದ ಮುಖ ತಿರುಗಿಸದೆ.

ಅಮ್ಮ ದನಿ ತಗ್ಗಿಸಿದಳು. "ಸದ್ದು ಮಾಡ್ಬೇಡ. ನನ್ನ ಮಗ ಪಾಪ, ಒಳಗೆಲ್ಲೋ ಸುಸ್ತಾಗಿ ಮಲಗಿರ್ತಾನೆ. ಹೋಗು, ನೀನು ಮಾಡೋದು ಅಷ್ಟರಲ್ಲೇ ಇದೆ, ಅವನಿಗೊಂದು ಲೋಟ ಕಾಫಿನಾದ್ರೂ ಮಾಡ್ಕೊಡು."