ಕಾರ್ಡಿನ ಹೊರೆ ಮಿಕ್ಸಿಯ ಮೇಲೆ

ನನ್ನ ಗಂಡ ಎರ್ರಿಸ್ವಾಮಿ ಹೊಸ ಯಂತ್ರ ತೋರಿಸುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಾರೆ. ಆ ಭಾನುವಾರ ಬೆಳಿಗ್ಗೆ ಅಂಗಿಯ ಮಡಿಕೆ ಕಂಡಾಗಲೇ ನನಗೆ ಸುಸ್ತಾಯಿತು. ಸ್ಟೀಲಿನ ಟಿಫಿನ್ ಕ್ಯಾರಿಯರ್ ಒಂದನ್ನು ತಂದು ನನ್ನ ಕಂಪ್ಯೂಟರ್ ಪಕ್ಕದಲ್ಲಿಟ್ಟರು. ಸಾರಿನ ಡಬ್ಬಿಯಿಂದ ಹಸಿರು ವೈರು, ಪಲ್ಯದ ಡಬ್ಬಿಯಿಂದ ಕೆಂಪು ವೈರು ಹೊರಗೆ ಇಣುಕುತ್ತಿದ್ದವು.

"ಇದರ ಹೆಸರು ಹೊರೆಹಂಚಕ. ಇನ್ನು ನಿನ್ನ ಪರದೆ ಕಪ್ಪಾಗೋದಿಲ್ಲ, ಸುಗುಣಾ" ಎಂದರು.

ಪರದೆ ಕಪ್ಪಾಗುವ ಕತೆ ಮೊದಲು ಹೇಳಬೇಕು. ನಾನು ಬಳ್ಳಾರಿಯ ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಮಂಡಿನೋವಿಗೆ ನಡಿಗೆ ಬೇಡ ಎಂದ ಡಾಕ್ಟರು ಕಾರ್ ರೇಸಿನ ಬಗ್ಗೆ ಏನೂ ಹೇಳಲಿಲ್ಲ. ಹಾಗಾಗಿ ಒಂದು ಕಂಪ್ಯೂಟರ್ ಕೊಂಡು, ಕೂತಲ್ಲೇ ಕಾರು ಓಡಿಸತೊಡಗಿದೆ. ಆ ಆಟದಲ್ಲಿ ನೂರಾರು ಜನ ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ಒಂದು ದಿನ ನನ್ನ ಹಿಂದಿದ್ದ ಕಾರು ತಿರುವಿನಲ್ಲಿ ಹಾರ್ನ್ ಮಾಡಿತು. ರೇಸಿನಲ್ಲಿ ಯಾರಾದರೂ ತಿರುವಿಗೆ ಹಾರ್ನ್ ಮಾಡುತ್ತಾರೆಯೆ? ನಮ್ಮಪ್ಪ ಹಾಗೆ ಕಲಿಸಿದ್ದರು, ನನಗೆ ಮತ್ತು ನನ್ನ ತಮ್ಮ ಪಂಪಾಪತಿಗೆ.

ಪಂಪಾಪತಿ ಹೊಸಪೇಟೆಯಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಾನೆ. ಅಪ್ಪನ ಜೀಪನ್ನು ನನಗೊಂದು ಮಾತೂ ಕೇಳದೆ ಮಾರಿದ್ದ. ಆಗಿನಿಂದ ನಮಗೆ ಮಾತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಮೊದಲು ಮಾಡಿದವರು ಸೋತಂತೆ ಎಂದು ಇಬ್ಬರೂ ಕೂತಿದ್ದೆವು. ಆಟದಲ್ಲಿ ಮಾತ್ರ ಮೈಕಿನಲ್ಲಿ ರಸ್ತೆಯ ಬಗ್ಗೆ ಮಾತಾಡಿಕೊಳ್ಳುತ್ತಿದ್ದೆವು. ಎಡಕ್ಕೆ ಬಾ, ಮುಂದೆ ಹಂಪ್ ಇದೆ, ಅಷ್ಟೇ. ಹೀಗಿರುವಾಗ ಒಂದು ಸಂಜೆ ಅವನು, "ಅಕ್ಕಾ, ಆ ಜೀಪಿನ ವಿಷಯ..." ಎಂದ. ಪರದೆ ಕಪ್ಪಾಯಿತು. ಧ್ವನಿಯೂ ನಿಂತಿತು.

ಮರುದಿನ ಮತ್ತೆ ಶುರುಮಾಡಿದ. ಮತ್ತೆ ಕಪ್ಪು. ಆಮೇಲೆ ಅವನು ರಸ್ತೆಯ ಬಗ್ಗೆಯೂ ಮಾತು ಕಡಿಮೆ ಮಾಡಿದ. ನಾನೇ ಬೇಕೆಂದು ಸ್ವಿಚ್ ಆರಿಸುತ್ತಿದ್ದೇನೆ ಎಂದುಕೊಂಡಿರಬೇಕು.

ರಿಪೇರಿಗೆ ಇಳಿದೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡೇ ಕೈಕೊಡುತ್ತಿದೆ ಎಂದು ಅಂತರ್ಜಾಲದಲ್ಲಿ ತಿಳಿದವರು ಹೇಳಿದರು. ಡ್ರೈವರ್ ಹಳೆಯದು, ಬದಲಾಯಿಸಿ ಎಂದರು. ಮೊದಲು ನನ್ನನ್ನೇ ಅನ್ನುತ್ತಿದ್ದಾರೆ ಎಂದುಕೊಂಡು ಕೋಪ ಬಂತು. ಆಮೇಲೆ ಅದೊಂದು ತಂತ್ರಾಂಶ ಎಂದು ಗೊತ್ತಾಗಿ ಬದಲಾಯಿಸಿದೆ. ಬಳ್ಳಾರಿಯ ಸೆಕೆಗೆ ಕಾರ್ಡು ಬಿಸಿಯಾಗುತ್ತಿರಬಹುದು ಎಂದು ಪೆಟ್ಟಿಗೆಯ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿದೆ. ಸೈಕಲ್ ಪಂಪಿನಿಂದ ದೂಳು ಊದಿಸಿದೆ. ಕಾರ್ಡನ್ನು ಕಿತ್ತು ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ. ಪ್ರತಿ ಸಲವೂ ಸರಿಹೋಯಿತು ಎನ್ನಿಸುತ್ತಿತ್ತು. ನಾನು ನಿಟ್ಟುಸಿರು ಬಿಟ್ಟ ಕೂಡಲೇ ಕಪ್ಪಾಗುತ್ತಿತ್ತು. ಕಂಪನಿಯ ಸಹಾಯವಾಣಿಯವರು ಆರಿಸಿ ಹಚ್ಚಿ ನೋಡಿ ಎಂದರು. ಅದು ತಾನೇ ಆರುತ್ತಿದೆ, ನಾನು ಹಚ್ಚುತ್ತಲೇ ಇದ್ದೇನೆ ಎಂದೆ.

ಈ ಪರಿ ನೋಡಿ ನನ್ನ ಗಂಡನಿಗೆ ಕನಿಕರ ಬಂತು. ಅದೇ ನನ್ನ ಗ್ರಹಚಾರ. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತ ಜೀವನ ಕಳೆದವರು ಅವರು. ಕಾರ್ಡಿಗೆ ಕೆಲಸ ಜಾಸ್ತಿಯಾಗಿ ಮೂರ್ಛೆ ಹೋಗುತ್ತಿದೆ, ಮನೆಯಲ್ಲಿ ಮಿಕ್ಸಿ, ಟಿವಿ, ವಾಷಿಂಗ್ ಮಷೀನ್ ಸುಮ್ಮನೆ ಕೂತಿವೆ, ಅವೂ ಸ್ವಲ್ಪ ದುಡಿಯಲಿ ಎಂಬುದು ಅವರ ವಾದ. ಮಿಕ್ಸಿ ಚಿತ್ರ ಬರೆಯುತ್ತದೆಯೆ ಎಂದು ಕೇಳಿದೆ. ಕಲಿಸಿದರೆ ಯಾರು ಬೇಕಾದರೂ ಬರೆಯುತ್ತಾರೆ ಎಂದರು. ಟೀಚರಿಗೇ ಪಾಠ.

ಹೊರೆಹಂಚಕದ ಪ್ಲಗ್ಗನ್ನು ಗೋಡೆಗೆ ಚುಚ್ಚಿದರು. ರೇಸ್ ಶುರುವಾಯಿತು. ಚಿತ್ರ ಗಾಜಿನಷ್ಟು ಸ್ಪಷ್ಟ. ನಾನು ಎಡಕ್ಕೆ ತಿರುಗಿಸಿದೆ, ಬಚ್ಚಲಿನಲ್ಲಿ ವಾಷಿಂಗ್ ಮಷೀನ್ ಎಡಕ್ಕೆ ತಿರುಗಿತು. ವೇಗ ಹೆಚ್ಚಿಸಿದೆ, ಅಡುಗೆಮನೆಯಲ್ಲಿ ಮಿಕ್ಸಿ ಒಳಗಿದ್ದ ಶೇಂಗಾವನ್ನು ತಾನೇ ರುಬ್ಬಿ ಚಟ್ನಿಪುಡಿಯಂಥ ಹಿಂಡಿ ಮಾಡಿತು. ಬ್ರೇಕ್ ಒತ್ತಿದೆ, ಫ್ರಿಜ್ಜಿನ ಬಾಗಿಲು ತೆರೆದುಕೊಂಡಿತು. ಇವರು ಓಡಿ ಓಡಿ ಬಾಗಿಲು ಹಾಕುತ್ತ, ಎಲ್ಲ ನಿರೀಕ್ಷೆಯಂತೆ ನಡೆಯುತ್ತಿದೆ ಎಂದು ಸಾರುತ್ತಿದ್ದರು. ಇಸ್ತ್ರಿ ಅಂಗಿ ಅಷ್ಟರಲ್ಲೇ ಒದ್ದೆ.

ನಮ್ಮ ಮನೆಯ ಸಾಮಾನು ಸಾಲದೆಂದು ಯಂತ್ರ ಕರೆಂಟಿನ ತಂತಿ ಹಿಡಿದು ಬೀದಿಗೂ ಇಳಿಯಿತು. ಎದುರು ಮನೆಯ ಗೀಸರ್ ಉಸಿರುಗಟ್ಟಿದಂತೆ ಗೊರಗೊರ ಎಂದಿತು. ಬೀದಿದೀಪಗಳು ಹಗಲಲ್ಲೇ ಉರಿದು, ನನ್ನ ಕಾರು ಬಲಕ್ಕೆ ಹೋದಾಗ ಬಲಗಡೆಯವು ಮಿನುಗಿದವು. ಜನ ಹೊರಗೆ ಬಂದು ನಿಂತರು. ನಮ್ಮ ಮನೆ ಕಡೆ ನೋಡಿದರೇ ಹೊರತು ಯಾರೂ ಏನೂ ಕೇಳಲಿಲ್ಲ. ರೂಢಿಯಾಗಿತ್ತು.

ಆಗಲೇ ತಮ್ಮನ ಹಾರ್ನ್ ಕೇಳಿಸಿತು. ಇವತ್ತಾದರೂ ಪೂರ್ತಿ ಹೇಳಲಿ ಎಂದು ಕಾರು ನಿಧಾನ ಮಾಡಿದೆ. ಅವನ ಧ್ವನಿ ಕಂಪ್ಯೂಟರಿನಿಂದ ಬರಲಿಲ್ಲ, ನಡುಮನೆಯ ಟಿವಿಯಿಂದ ಬಂತು.

"ಅಕ್ಕಾ, ಆ ಜೀಪನ್ನ ನಿನ್ನ ಕೇಳದೆ ಮಾರಿದ್ದು..."

ಮುಂದಿನ ಮಾತು ಬಚ್ಚಲಿನಲ್ಲಿ ವಾಷಿಂಗ್ ಮಷೀನ್ ಗುನುಗಿತು. ಮಂಡಿನೋವು ಮರೆತು ಓಡಿದೆ.

"...ನನ್ನದೇ ತಪ್ಪು..."

ನನಗೆ ಕಣ್ಣು ತುಂಬಿ ಬಂತು. ವಾಪಸ್ ಓಡಿ ಬಂದು ಮೈಕ್ ಹಿಡಿದೆ. "ಇರಲಿ ಬಿಡೋ ಪಂಪಾ. ನಾನೂ ಹಟ ಮಾಡಿದೆ. ಜೀಪಿಗಿಂತ ನೀನು ದೊಡ್ಡವನಲ್ಲೇನು?"

ಅಷ್ಟರಲ್ಲಿ ಪಕ್ಕದ ಮನೆಯ ಮೆಹರುನ್ನೀಸಾ ಕೈಯೆಲ್ಲ ಮಸಾಲೆ ಮಾಡಿಕೊಂಡು ಬಂದರು. ಅವರು ಸತ್ಯವಂತೆ. ಕೇಳಿದ್ದನ್ನು ಇಟ್ಟುಕೊಳ್ಳುವವರಲ್ಲ.

"ಟೀಚರ್, ನಮ್ಮ ಮಿಕ್ಸಿ ನಿಮಗೊಂದು ಮಾತು ಹೇಳ್ತು. 'ಅಂತ ನಾನು ಯಾವತ್ತೂ ಒಪ್ಪೋದಿಲ್ಲ' ಅಂತ. ನಿಮಗೇನಾದರೂ ಅರ್ಥ ಆಯ್ತಾ?"

ಅರ್ಥವಾಯಿತು. ಆದರೆ ಕ್ಷಮೆ ಆಗಲೇ ಹೊಸಪೇಟೆ ತಲುಪಿಬಿಟ್ಟಿತ್ತು. ವಾಪಸ್ ಕರೆಸಿಕೊಳ್ಳುವುದು ಹೇಗೆ? ನಾನು ಮೈಕ್ ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಜೊತೆಗೆ ಟಿವಿ, ಮಿಕ್ಸಿ, ಎದುರು ಮನೆಯ ಗೀಸರ್, ಇಡೀ ಬೀದಿ ನಿಂತಿತು. ಯಂತ್ರ ಕಾರ್ಡಿನ ಕೆಲಸದ ಜೊತೆ ಕಾಯಿಲೆಯನ್ನೂ ಎಲ್ಲರಿಗೂ ಸಮನಾಗಿ ಹಂಚಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಪಂಪಾಪತಿಯೇ ಕಾರಿನಲ್ಲಿ ಬಂದಿಳಿದ. ತಲೆಗೂದಲು ನೆರೆತಿತ್ತು. ಬಾಗಿಲಲ್ಲಿ ನಿಂತು, ತಾನು ಕೇಳಬೇಕೆಂದಿದ್ದ ಕ್ಷಮೆಯನ್ನು ನಾನು ಮೊದಲೇ ಕೊಟ್ಟುಬಿಟ್ಟರೆ ಇನ್ನು ಜಗಳ ಹೇಗೆ ಮುಂದುವರಿಸುವುದು ಎಂದು ಕೇಳಿದ. ಅವನು ಕ್ಷಮೆ ಕೇಳಲು ಹೊರಟಿರಲಿಲ್ಲ ಎಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವನಿಗೂ ಮುಖ ನೋಡಿಯೇ ತಿಳಿಯಿತು. ಇಬ್ಬರಿಗೂ ನಗು ಬಂತು. ಶೇಂಗಾ ಹಿಂಡಿ ಜೊತೆ ರೊಟ್ಟಿ ಬಡಿಸಿದೆ.

ಊಟವಾದ ಮೇಲೆ ಅವನು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದ. ಕಾರ್ಡಿಗೆ ಕರೆಂಟು ತರುವ ತಂತಿಗೆ ಇನ್ನೊಂದು ತೆಳ್ಳನೆಯ ತಂತಿ ಸುತ್ತಿತ್ತು. ಅದನ್ನೇ ಹಿಡಿದು ಹೋದರೆ ಮಂಚದ ಕೆಳಗೆ, ಸೊಳ್ಳೆ ಬಂದಾಗ ತಾನೇ ಬೀಸುವ ಬ್ಯಾಟು. ಸೊಳ್ಳೆ ಬಂದಾಗಲೆಲ್ಲ ಅದು ಕರೆಂಟು ಎಳೆದುಕೊಂಡು ಬೀಸುತ್ತಿತ್ತು, ಕಾರ್ಡು ಬರಿಗೈಯಾಗಿ ಬೀಳುತ್ತಿತ್ತು. ನಾನು ಗಂಡನ ಕಡೆ ನೋಡಿದೆ.

"ಅದು ಬೇರೆ ಯೋಜನೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದರು.

ತಂತಿ ಕಿತ್ತೆವು. ಹೊರೆಹಂಚಕವನ್ನೂ ಬಿಚ್ಚಿದೆವು. ಬೀದಿಯ ಮಿಕ್ಸಿಗಳು ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಚಟ್ನಿ ರುಬ್ಬುವಾಗ ಎಲ್ಲಿಂದಲೋ ತಿರುವು ಬಂದಂತೆ ನಿಧಾನವಾಗಿ, ಒಮ್ಮೆ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ಮೆಹರುನ್ನೀಸಾ ಅವರಿಗೆ ಅಭ್ಯಾಸವಾಗಿದೆಯಂತೆ.

ನನ್ನ ಪರದೆ ಈಗ ಕಪ್ಪಾಗುವುದೇ ಇಲ್ಲ. ತಮ್ಮ ದಿನಾ ಸಂಜೆ ಆಟಕ್ಕೆ ಬಂದು, ಆ ಜೀಪನ್ನು ಮಾರಿದ್ದು ಏಕೆ ಸರಿ ಎಂದು ಮೊದಲಿನಿಂದ ವಿವರಿಸುತ್ತಾನೆ. ಸೊಳ್ಳೆಗಳಂತೂ ಬರುತ್ತಲೇ ಇವೆ, ಆದರೆ ಪ್ರಯೋಜನವಿಲ್ಲ.