ಮಿಯಾವೊ ಸಾಹೇಬರ ಬೂಟುಗಳ ಪ್ರಭಾವ

ಹಾಯ್‌ಶೀ ತಾಲ್ಲೂಕಿನ ವಿದ್ಯೆ ಮತ್ತು ಸಂಸ್ಕೃತಿಯ ಮೇಲೆ ಪಂಡಿತಾಧಿಕಾರಿ ಮಿಯಾವೊ ದೆಶಿನ್ ಅವರ ಪ್ರಭಾವ ಅಪಾರವಾದುದು. ಅವರು ತಾಲ್ಲೂಕಿನಲ್ಲಿ ಹತ್ತೊಂಬತ್ತು ದಿನ ಇದ್ದರು.

ಬಂದ ದಿನವೇ ಅವರು ಚಿಪ್ಪುಮೀನು ತಿಂದು ಹಾಸಿಗೆ ಹಿಡಿದರು. ಹದಿನೆಂಟು ದಿನ ಹಾಸಿಗೆಗೂ ಹಿತ್ತಲಿಗೂ ಓಡಾಡಿದರು. ಹತ್ತೊಂಬತ್ತನೆಯ ದಿನ ವರ್ಗದ ಆದೇಶ ಬಂತು. ಒಳ್ಳೆಯ ಅಧಿಕಾರಿ ಊರು ಬಿಡುವಾಗ ಜನ ಪ್ರೀತಿಯಿಂದ ಅವರ ಬೂಟು ಬಿಚ್ಚಿಕೊಂಡು ಊರಬಾಗಿಲಿಗೆ ತೂಗುಹಾಕುವುದು ಪದ್ಧತಿ. ಕೆಟ್ಟವರ ಬೂಟನ್ನೂ ಬಿಚ್ಚುತ್ತಾರೆ, ಇಲ್ಲದಿದ್ದರೆ ಮುಂದೆ ಬರುವವರು ಬೇಜಾರು ಮಾಡಿಕೊಳ್ಳುತ್ತಾರೆ. ಆದ್ದರಿಂದ ಸ್ವಇಚ್ಛೆಯಿಂದ ಬೂಟು ಬಿಚ್ಚಲು ಕಚೇರಿಯು ಪೆಂಗ್ ಅಜ್ಜನೂ ಸೇರಿದಂತೆ ನಾಲ್ವರು ಹಿರಿಯರನ್ನು ನೇಮಿಸಿತು. ಸಾಹೇಬರು ಪಲ್ಲಕ್ಕಿಯೊಳಗೆ ಹೊಟ್ಟೆ ಹಿಡಿದುಕೊಂಡೇ ಕಾಲು ಚಾಚಿದರು.

ಇಪ್ಪತ್ತು ವರ್ಷದ ಮೇಲೆ ಅವರು ರಾಜಧಾನಿಯಲ್ಲಿ ವಿಧಿವಿಧಾನಗಳ ಇಲಾಖೆಗೆ ಮುಖ್ಯಸ್ಥರಾದರು. ಕೂಡಲೇ ಪ್ರಾಂತದಿಂದ ಸುತ್ತೋಲೆ ಹೊರಟಿತು: ಮಿಯಾವೊ ಅವರ ಪ್ರಭಾವ ಸಾಬೀತಾದ ತಾಲ್ಲೂಕುಗಳ ಶಾಲೆಗೆ ಮರಮಟ್ಟು, ಹೆಂಚು ಮಂಜೂರು.

ಸುತ್ತೋಲೆ ಹಾಯ್‌ಶೀ ಶಾಲೆಯ ಯಾನ್ ಮೇಷ್ಟ್ರ ಕೈಗೆ ಬಂದಾಗ ಅವರ ಶಾಲೆಯ ಮಾಡು ಅರ್ಧ ಮಾತ್ರ ಉಳಿದಿತ್ತು. ಇನ್ನರ್ಧವನ್ನು ಮೂರು ವರ್ಷದ ಹಿಂದಿನ ಬಿರುಗಾಳಿ ಸಮುದ್ರಕ್ಕೆ ಒಯ್ದಿತ್ತು. ಇಪ್ಪತ್ತಮೂರು ಮಕ್ಕಳು ಇದ್ದಷ್ಟರ ಕೆಳಗೆ ಮುದುಡಿ ಕೂತು ಓದುತ್ತಿದ್ದರು. ಮತ್ತೆ ಗಾಳಿಯ ಕಾಲಕ್ಕೆ ಎರಡೇ ತಿಂಗಳಿತ್ತು. ಮೇಷ್ಟ್ರಿಗೆ ಹೆಂಚು ಬೇಕೇಬೇಕಿತ್ತು, ಆದರೆ ಸುಳ್ಳು ಬರೆದು ಅಭ್ಯಾಸವಿರಲಿಲ್ಲ. 'ಪ್ರಭಾವ: ಇಲ್ಲ' ಎಂದು ಬರೆದು ಕಳಿಸಿದರು.

ಕಚೇರಿಯ ಕೂ ಗುಮಾಸ್ತರು ಆ ಕಾಗದ ಹಿಡಿದುಕೊಂಡು ತಾವೇ ಶಾಲೆಗೆ ಬಂದರು.

"ಏನ್ ಮೇಷ್ಟ್ರೇ ಇದು? ಪ್ರಭಾವ ಇಲ್ಲ ಅಂದ್ರೆ ಹೆಂಚೂ ಇಲ್ಲ."

"ನಾನೇನ್ ಮಾಡ್ಲಿ ಸ್ವಾಮಿ? ಆ ಪುಣ್ಯಾತ್ಮರು ಶಾಲೆ ಕಡೆ ತಲೆ ಹಾಕಿ ಮಲಗಲೂ ಇಲ್ವಲ್ಲ!"

"ಮತ್ತೆ ಯಾವ ಕಡೆ ತಲೆ ಹಾಕಿ ಮಲಗಿದ್ರು?"

ಆಗ ಸಾಹೇಬರಿಗೆ ನೀರು ಹೊತ್ತಿದ್ದ ಮೇಷ್ಟ್ರು ಯೋಚಿಸಿದರು. "ಪೂರ್ವಕ್ಕೆ."

"ಶಾಲೆ ಯಾವ ಕಡೆ?"

"...ಪೂರ್ವಕ್ಕೇ."

"ಬರ್ಕೊಳ್ಳಿ. ಅಸ್ವಸ್ಥರಾಗಿದ್ದರೂ ಹದಿನೆಂಟು ದಿನಗಳ ಕಾಲ ತಮ್ಮ ಶಿರಸ್ಸನ್ನು ಶಾಲೆಯ ದಿಕ್ಕಿನಿಂದ ಕದಲಿಸಲಿಲ್ಲ. ಮಾತೇನಾದ್ರೂ ಆಡಿದ್ರಾ?"

"'ಬೇಗ ನೀರು ತನ್ನಿ' ಅಂತಿದ್ರು."

"ವಿಳಂಬ ಸಲ್ಲದೆಂಬ ಉಪದೇಶ. ನೋಡಿ, ಎಷ್ಟೊಂದಿದೆ! ನೀವು ಸುಮ್ನೆ ಇಲ್ಲ ಇಲ್ಲ ಅಂತೀರಿ."

ಮೇಷ್ಟ್ರು ಮಕ್ಕಳ ಕಡೆ ನೋಡಿದರು, ಆಕಾಶದ ಕಡೆ ನೋಡಿದರು, ಬರೆದುಕೊಂಡರು.

ಪ್ರಭಾವ ಸಾಬೀತಾಯಿತು. ಐದೇ ವಾರದಲ್ಲಿ ಹೊಸ ತೊಲೆ, ಹೊಸ ಹೆಂಚು ಏರಿ ಮಾಡು ಪೂರ್ತಿಯಾಯಿತು. ಆ ದಿನ ಮೇಷ್ಟ್ರು ಖಾಲಿ ಕೋಣೆಯ ನಡುವೆ ನಿಂತು, ಎಲ್ಲಿಂದಲೂ ಆಕಾಶ ಕಾಣುವುದಿಲ್ಲವಲ್ಲ ಎಂದು ಸಂತೋಷಪಟ್ಟರು. ಮಾರನೆಯ ದಿನ ಮೆರವಣಿಗೆಯಲ್ಲಿ ಬೂಟುಗಳು ಬಂದವು.

ಮಂಜೂರಾತಿಯು ಪ್ರಭಾವಕ್ಕೆ ಆಗಿರುವುದರಿಂದ, ಪ್ರಭಾವ ಎಲ್ಲಿದೆಯೋ ಮಾಡು ಅಲ್ಲಿರಬೇಕು. ತಾಲ್ಲೂಕಿನಲ್ಲಿ ಸಾಹೇಬರದೆಂದು ಉಳಿದಿರುವುದು ಬೂಟುಗಳು ಮಾತ್ರ. ಕಚೇರಿಯವರು ಅವುಗಳನ್ನು ಮೇಷ್ಟ್ರ ಪೀಠದ ಮೇಲಿಟ್ಟು, ಬಾಗಿಲಿಗೆ ನಿಯಮ ಅಂಟಿಸಿದರು:

'ಒಂದು: ಒಳಗೆ ಬರಿಗಾಲಿನವರಿಗೆ ಪ್ರವೇಶವಿಲ್ಲ. ಎರಡು: ಪಾದರಕ್ಷೆ ತೊಟ್ಟವರು ಹೊರಗೇ ಬಿಟ್ಟು ಬರತಕ್ಕದ್ದು. ಮೂರು: ಗದ್ದಲ ಕೂಡದು. ಓದುವುದನ್ನು ಗದ್ದಲವೆಂದು ಪರಿಗಣಿಸಲಾಗುವುದು.'

"ಹಾಗಾದ್ರೆ ಮಕ್ಕಳು ಎಲ್ಲಿ ಕೂತ್ಕೋಬೇಕು?" ಎಂದು ಕೇಳಿದರು ಮೇಷ್ಟ್ರು. ಅವರಿಗೆ ಬಂದ ಸಿಟ್ಟಿಗೆ ಆ ಬೂಟುಗಳನ್ನೆತ್ತಿ ಎಸೆಯಬೇಕು ಅನ್ನಿಸಿತ್ತು.

"ಅಂಗಳ ಇದೆಯಲ್ಲ," ಎಂದರು ಗುಮಾಸ್ತರು. "ಹೆಂಚು ಬೇಕು ಅಂದಿದ್ದು ನೀವೇ ತಾನೇ? ಬಂದಿದೆ. ತಿಂಗಳಿಗೆರಡು ಸಲ ಬೂಟಿಗೆ ಎಣ್ಣೆ ಹಚ್ಚೋ ಹೊಣೆ ನಿಮ್ಮದು. ಬೇರೆ ಯಾರಿಗೂ ಕೊಡ್ಬೇಡಿ ಅಂತ ನಾನೇ ಹೇಳಿದ್ದೀನಿ."

ಎಣ್ಣೆ ಹಚ್ಚಲು ಒಪ್ಪದಿದ್ದರೆ ತಮ್ಮ ಜಾಗಕ್ಕೆ ಬೇರೆ ಮೇಷ್ಟ್ರು ಬರುತ್ತಾರೆಂದು ಯಾನ್ ಮೇಷ್ಟ್ರಿಗೆ ಗೊತ್ತಿತ್ತು. ಬರುವವರು ಅಂಗಳದಲ್ಲಾದರೂ ಪಾಠ ಮಾಡುತ್ತಾರೆಂಬ ಭರವಸೆ ಇರಲಿಲ್ಲ. ಹಚ್ಚಿದರು.

ಗಾಳಿಯ ಕಾಲ ಹೇಳಿದ ಹೊತ್ತಿಗೇ ಬಂತು. ಒಂದು ಬೆಳಿಗ್ಗೆ ಪಾಠದ ನಡುವೆ ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡಲಾಗಿ ಹೊಡೆಯಿತು. ಮಕ್ಕಳು ಗೋಡೆಗೆ ಅಂಟಿಕೊಂಡು ಕೂತರು. ಮೇಷ್ಟ್ರು ತಮ್ಮ ನಿಲುವಂಗಿ ಬಿಚ್ಚಿ ಚಿಕ್ಕವರ ಮೇಲೆ ಹೊದಿಸಿದರು. ಅದು ನಾಲ್ವರಿಗೆ ಸಾಕಾಯಿತು. ಅಷ್ಟರಲ್ಲಿ ಪೆಂಗ್ ಅಜ್ಜನನ್ನು ಮುಂದಿಟ್ಟುಕೊಂಡು ಅರ್ಧ ಊರೇ ಕೊಡೆ ಹಿಡಿದು ಓಡಿಬಂತು. ಅವರಲ್ಲಿ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದರು. ಸದ್ಯ, ಬಂದರಲ್ಲ ಎಂದು ಮೇಷ್ಟ್ರ ಎದೆ ತುಂಬಿ ಬಂತು.

"ಮೇಷ್ಟ್ರೇ!" ಅಜ್ಜ ಏದುಸಿರು ಬಿಡುತ್ತಾ ಕೂಗಿದ. "ಸಾಹೇಬ್ರು ನೆಂದ್ರಾ?"

ಮೇಷ್ಟ್ರು ಅವನನ್ನೇ ನೋಡಿದರು. ಅವರ ಗಡ್ಡದಿಂದ ನೀರು ಇಳಿಯುತ್ತಿತ್ತು. ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದರು.

"ಇಲ್ಲ ಅಜ್ಜ, ಒಳ್ಳೇ ಹೆಂಚು. ಬೆಚ್ಚಗಿದಾರೆ," ಎಂದರು. ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಸೇರಿಕೊಂಡದ್ದು ಅವರಿಗೇ ಕೇಳಿಸಿತು.

ಊರಿಗೆ ನೆಮ್ಮದಿಯಾಯಿತು. ಎಲ್ಲರೂ ಬಾಗಿಲಿಗೆ ಬಾಗಿ ನಮಸ್ಕರಿಸಿ ಕೊಡೆ ಹಿಡಿದು ಮನೆಗೆ ಹೋದರು. ಮಕ್ಕಳೂ ಎದ್ದು ನಮಸ್ಕರಿಸಿ, ಪುಸ್ತಕ ಹಿಂಡಿಕೊಂಡು, ಸಾಹೇಬರಿಗೆ ಕೇಳಿಸದಷ್ಟು ಮೆಲ್ಲಗೆ ಪಾಠ ಮುಂದುವರಿಸಿದರು.